ಮರೆ ತಪ್ಪಿದ ಚಿಪ್ಪುಗಳು

(ಬಂಗಾರಪೇಟೆಯ ಒಂದು ಮನೆ. ತಾತ ಕೆ.ಜಿ.ಎಫ್. ಚಿನ್ನದ ಗಣಿಯ ಸೈನೈಡ್ ಮಿಲ್ಲಿನಲ್ಲಿ ದುಡಿದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಮನೆ ಸೇರಿದವರು. ಮೊಮ್ಮಗಳು ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ.)

ತಾತ: ಅಲ್ಲಮ್ಮ, ಕಾರವಾರದವರೆಗೆ ಹೋಗಿ ಕಪ್ಪೆಚಿಪ್ಪಿನ ಬಗ್ಗೆ ಓದುತ್ತಿದ್ದೀಯ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮದು ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಬರುವ ಸೀಮೆ. ಕಡಲಿನ ಚಿಪ್ಪಿಗೂ ನಮಗೂ ಏನು ಸಂಬಂಧ?

ಮೊಮ್ಮಗಳು: ನೀವು ಅಂದುಕೊಂಡಿದ್ದಕ್ಕಿಂತ ಹತ್ತಿರದ ಸಂಬಂಧವೇ ಇದೆ ತಾತ. ಆದರೆ ಅಲ್ಲಿಗೆ ಬರಬೇಕಾದರೆ ಮೊದಲು ಆ ಜೀವದ ಬದುಕು ಗೊತ್ತಾಗಬೇಕು. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆ ಇದೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಕೆಸರು ಮರಳಿನ ದೊಡ್ಡ ಬಯಲು ತೆರೆದುಕೊಳ್ಳುತ್ತದೆ. ಸುತ್ತಲಿನ ಊರುಗಳ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ಕೆಸರಿನಲ್ಲಿ ಹುದುಗಿರುವ ಬಳಚನ್ನು ಕೈಯಿಂದಲೇ ತಡಕಿ ತೆಗೆಯುತ್ತಾರೆ. ಮಂಗಳೂರಿನ ಕಡೆ ಅದಕ್ಕೆ ಮರುವಾಯಿ ಅನ್ನುತ್ತಾರೆ. ಈ ಒಂದು ಅಳಿವೆಯಲ್ಲೇ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ ಸಿಗುತ್ತದೆ, ಬೆಲೆ 5.78 ಕೋಟಿ ರೂಪಾಯಿ, ಅದನ್ನು ನಂಬಿ 2,300ಕ್ಕೂ ಹೆಚ್ಚು ಜನ ದುಡಿಯುತ್ತಾರೆ ಎಂದು 2008ರ ಒಂದು ಅಧ್ಯಯನ ಲೆಕ್ಕ ಹಾಕಿತು. 2024ರ ಜನವರಿಯಲ್ಲಿ ಈ ಅಳಿವೆಗೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ತಾಣದ ಮಾನ್ಯತೆಯೂ ಸಿಕ್ಕಿದೆ.

ತಾತ: ದೋಣಿ ಬೇಡ, ಬಲೆ ಬೇಡ. ಬಂಡವಾಳ ಇಲ್ಲದವರ ದುಡಿಮೆ ಅನ್ನು.

ಮೊಮ್ಮಗಳು: ಹೌದು. ಅದಕ್ಕೇ ಅದು ಕೆಟ್ಟರೆ ಮೊದಲ ಪೆಟ್ಟು ಬೀಳುವುದು ಬೇರೆ ಆಸರೆ ಇಲ್ಲದವರ ಮೇಲೆ.

ತಾತ: ಆದರೆ ಕೆಡುವುದು ಹೇಗೆ? ಮೈಮೇಲೆ ಗಟ್ಟಿ ಚಿಪ್ಪಿದೆ. ಕೆಸರಿನೊಳಗೆ ಅಡಗಿ ಕೂತಿರುತ್ತದೆ.

ಮೊಮ್ಮಗಳು: ಆ ಚಿಪ್ಪಿನಿಂದಲೇ ಶುರು ಮಾಡೋಣ. ಮಿಲ್ಲಿನಲ್ಲಿ ಸೈನೈಡ್ ಹಾಕುವಾಗ ಸುಣ್ಣವನ್ನೂ ಹಾಕುತ್ತಿದ್ದಿರಲ್ಲ, ಯಾಕೆ?

ತಾತ: ಅದು ಜೀವದ ಪ್ರಶ್ನೆ ಕಣಮ್ಮ. ಅದಿರನ್ನು ನುಣ್ಣಗೆ ಅರೆದು ಮಾಡಿದ ರಾಡಿ ಯಾವಾಗಲೂ ಕ್ಷಾರವಾಗಿರಬೇಕು, ಪಿಎಚ್ ಹತ್ತರ ಮೇಲೇ ನಿಲ್ಲಬೇಕು. ಕೆಳಗಿಳಿಯಿತೋ, ನೀರಿನಲ್ಲಿ ಕರಗಿರುವ ಸೈನೈಡ್ ಅನಿಲವಾಗಿ ಮೇಲೇಳುತ್ತದೆ. ಉಸಿರಾಡಿದವನು ಉಳಿಯುವುದಿಲ್ಲ. ಅದಕ್ಕೇ ಸುಣ್ಣದ ಮೇಲೆ ಸದಾ ಒಂದು ಕಣ್ಣು ಇಟ್ಟಿರುತ್ತಿದ್ದೆವು.

ಮೊಮ್ಮಗಳು: ಹಾಗಾದರೆ ನಿಮಗೆ ಬೇಗ ಅರ್ಥವಾಗುತ್ತದೆ. ಕಡಲ ನೀರೂ ಕ್ಷಾರವೇ. ಇನ್ನೂರು ಮುನ್ನೂರು ವರ್ಷಗಳ ಹಿಂದೆ ಮೇಲ್ಪದರದ ಪಿಎಚ್ ಸರಾಸರಿ 8.2 ಇತ್ತು. ಈಗ 8.1ರ ಹತ್ತಿರ ಇದೆ.

ತಾತ: ಬರೀ 0.1 ಅಂತ ಬೇರೆಯವರು ಅಂದಾರು, ನಾನು ಅನ್ನುವುದಿಲ್ಲ. ಪಿಎಚ್ ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಏರಿದ ಹಾಗೆ.

ಮೊಮ್ಮಗಳು: ಅದೇ ಲೆಕ್ಕದಲ್ಲಿ 0.1 ಇಳಿದರೆ ಆಮ್ಲದ ಅಯಾನುಗಳು ಹೆಚ್ಚುಕಡಿಮೆ ಶೇ. 30ರಷ್ಟು ಹೆಚ್ಚುತ್ತವೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟದ್ದರಿಂದ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ 280 ಪಿಪಿಎಂನಿಂದ 420 ದಾಟಿದೆ. ನಾವು ಹೊರಬಿಡುವುದರಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಅದು ನೀರಿನಲ್ಲಿ ಕಾರ್ಬಾನಿಕ್ ಆಮ್ಲವಾಗಿ, ಅಲ್ಲಿರುವ ಕಾರ್ಬೊನೇಟನ್ನು ಕಡಿಮೆ ಮಾಡುತ್ತದೆ. ಬಳಚು ತನ್ನ ಚಿಪ್ಪು ಕಟ್ಟುವುದು ಕ್ಯಾಲ್ಸಿಯಂ ಮತ್ತು ಕಾರ್ಬೊನೇಟಿನಿಂದಲೇ. ಕಡಲು ಹುಳಿಯಾಗಿಲ್ಲ, ಇನ್ನೂ ಕ್ಷಾರವಾಗಿಯೇ ಇದೆ. ಆದರೆ ಕಟ್ಟುವ ಸಾಮಗ್ರಿ ಕಡಿಮೆಯಾಗಿದೆ. ಅದೇ ಚಿಪ್ಪು ಕಟ್ಟಲು ಪ್ರಾಣಿ ಹೆಚ್ಚು ಶಕ್ತಿ ಸುರಿಯಬೇಕು. ಇದೇ ಬಗೆಯ ಇನ್ನೊಂದು ಚಿಪ್ಪುಜೀವಿ ಸಿಂಪಿ. ಅದರ ಮರಿ ಹುಟ್ಟಿದ ಎರಡು ದಿನಗಳೊಳಗೆ ಮೊದಲ ಚಿಪ್ಪು ಕಟ್ಟಿಕೊಳ್ಳಬೇಕು. ಆಗ ಅದರ ಬಳಿ ತಾಯಿ ಮೊಟ್ಟೆಯಲ್ಲಿ ಇಟ್ಟುಕೊಟ್ಟ ಶಕ್ತಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಖರ್ಚು ಸ್ವಲ್ಪ ಹೆಚ್ಚಾದರೂ ಅದು ತಡೆಯುವುದು ಕಷ್ಟ.

ತಾತ: ತೆಳ್ಳಗಿನ ಚಿಪ್ಪಾದರೂ ಬದುಕಿಕೊಳ್ಳಬಹುದಲ್ಲ?

ಮೊಮ್ಮಗಳು: ತಿನ್ನುವವರು ಇಲ್ಲದಿದ್ದರೆ ಬದುಕಿಕೊಳ್ಳಬಹುದು. ಆದರೆ ಕಡಲಲ್ಲಿ ಇದನ್ನು ಬಯಸದವರು ಯಾರು? ಏಡಿ ಕೊಂಡಿಯಲ್ಲಿ ಹಿಡಿದು ಒಡೆಯುತ್ತದೆ. ತೊರಕೆ ಮೀನು ನೆಲದ ಮೇಲೆ ಹರಡಿಕೊಂಡು, ಮರಳು ಕೆದರಿ, ಚಪ್ಪಟೆ ಹಲ್ಲಿನಲ್ಲಿ ಅಗಿಯುತ್ತದೆ. ನಕ್ಷತ್ರಮೀನು ಎರಡೂ ಹೋಳುಗಳನ್ನು ಹಿಡಿದು ಬಿಡದೆ ಎಳೆದು ಬಾಯಿ ತೆರೆಸುತ್ತದೆ. ಚಳಿಗಾಲಕ್ಕೆ ದೂರದಿಂದ ಬರುವ ಹಕ್ಕಿಗಳಿವೆ, ನೀರುನಾಯಿಗಳಿವೆ. ಕಡಲತೀರದಲ್ಲಿ ಬಿದ್ದ ಚಿಪ್ಪುಗಳನ್ನು ಆರಿಸಿ ನೋಡಿದರೆ ಕೆಲವುಗಳ ನೆತ್ತಿಯ ಹತ್ತಿರ ಗುಂಡಗೆ, ನಯವಾಗಿ ಕೊರೆದ ತೂತು ಕಾಣುತ್ತದೆ. ಅದು ಒಂದು ಜಾತಿಯ ಶಂಖದ ಹುಳುವಿನ ಕೆಲಸ. ಚಿಪ್ಪಿನ ಮೇಲೆ ಕೂತು, ಆಮ್ಲ ಸುರಿಸಿ ಮೆದು ಮಾಡಿ, ಹಲ್ಲಿನ ಪಟ್ಟಿಯಿಂದ ಕೆರೆದು ಕೆರೆದು ತೂತು ಮಾಡಿ ಒಳಗಿನ ಮಾಂಸ ತಿನ್ನುತ್ತದೆ.

ತಾತ: ಇಷ್ಟು ಜನ ವೈರಿಗಳಿದ್ದೂ ಇಷ್ಟು ಕಾಲ ಉಳಿದಿದೆ ಅಂದರೆ ಅದಕ್ಕೂ ಏನೋ ಉಪಾಯ ಇರಬೇಕು.

ಮೊಮ್ಮಗಳು: ಇಡೀ ವಿಷಯದ ತಿರುಳು ಅಲ್ಲೇ ಇದೆ ತಾತ. ಓಡಲಾಗದ ಪ್ರಾಣಿಗೆ ಮರೆಯೇ ಗತಿ. ಕೆಲವು ಆಳವಾಗಿ ಹುದುಗಿಕೊಳ್ಳುತ್ತವೆ. ಕೆಲವು ಬೇಗ ಬೆಳೆದು ಏಡಿಯ ಕೊಂಡಿಗೆ ಹಿಡಿಯದಷ್ಟು ದೊಡ್ಡದಾಗುತ್ತವೆ. ಕೆಲವು ಚಿಪ್ಪು ದಪ್ಪ ಮಾಡಿಕೊಳ್ಳುತ್ತವೆ. ಕೆಲವು ಬಂಡೆಯ ಮೇಲೆ ಎತ್ತರಕ್ಕೆ ಹೋಗಿ ಅಂಟಿಕೊಳ್ಳುತ್ತವೆ. ಅಲ್ಲಿ ನೀರು ದಿನದಲ್ಲಿ ಕೆಲವೇ ಗಂಟೆ ಇರುವುದರಿಂದ ನಕ್ಷತ್ರಮೀನು ಬರುವುದಿಲ್ಲ. ಇನ್ನು ಅಳಿವೆಯವು ಸಿಹಿನೀರು ಬೆರೆತ ಜಾಗ ಹುಡುಕುತ್ತವೆ. ಉಪ್ಪು ಕಡಿಮೆಯಾದರೆ ಕೊರೆಯುವ ಶಂಖಗಳೂ ನಕ್ಷತ್ರಮೀನುಗಳೂ ತಡೆಯಲಾರವು, ಬಳಚು ಬಾಯಿ ಮುಚ್ಚಿಕೊಂಡು ಸ್ವಲ್ಪ ಕಾಲ ತಡೆಯುತ್ತದೆ. ಪ್ರತಿಯೊಂದು ಮರೆಯೂ ಹೀಗೆಯೇ: ತಿನ್ನುವವನಿಗೆ ಅಸಾಧ್ಯವಾದದ್ದು, ತಿನ್ನಿಸಿಕೊಳ್ಳುವವನಿಗೆ ಬರೀ ಕಷ್ಟದ್ದು. ವಾಯುಗುಣ ಬದಲಾದಾಗ ಆ ಕಷ್ಟದ ಜಾಗವೂ ಅಸಾಧ್ಯವಾಗುತ್ತದೆ. ಇಲ್ಲವೇ ತಿನ್ನುವವನಿಗೆ ಬಾಗಿಲು ತೆರೆಯುತ್ತದೆ.

ತಾತ: ಇದು ಊಹೆಯೋ, ಯಾರಾದರೂ ಕಣ್ಣಾರೆ ಕಂಡಿದ್ದಾರೋ?

ಮೊಮ್ಮಗಳು: ಕಂಡಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲ ಬಂಡೆಗಳ ಮೇಲೆ ರಾಬರ್ಟ್ ಪೇನ್ ಎಂಬ ವಿಜ್ಞಾನಿ 1963ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಬಂಡೆಯ ಒಂದು ಭಾಗದಿಂದ ನಕ್ಷತ್ರಮೀನುಗಳನ್ನೆಲ್ಲ ತೆಗೆದುಹಾಕುತ್ತ ಹೋದರು. ಪಚ್ಚಿಲೆ ಜಾತಿಯ ಚಿಪ್ಪುಗಳು ಕೆಳಕ್ಕೆ ಹಬ್ಬಿ ಇಡೀ ಬಂಡೆಯನ್ನು ಆಕ್ರಮಿಸಿಕೊಂಡವು. ಮೊದಲು ಅಲ್ಲಿ ಹದಿನೈದು ಬಗೆಯ ಜೀವಿಗಳಿದ್ದವು, ಎಂಟಕ್ಕೆ ಇಳಿದವು. ಅದರಿಂದ ಎರಡು ಸಂಗತಿ ತಿಳಿಯಿತು. ಒಂದು, ತಿನ್ನುವ ಪ್ರಾಣಿ ಬರೀ ವೈರಿಯಲ್ಲ, ಉಳಿದವರಿಗೆ ಜಾಗ ಮಾಡಿಕೊಡುವುದೂ ಅದೇ. ಎರಡು, ಬಂಡೆಯ ಮೇಲೆ ಚಿಪ್ಪುಗಳ ಕೆಳಗಿನ ಎಲ್ಲೆಯನ್ನು ಗೀಚುವುದು ನಕ್ಷತ್ರಮೀನು, ಮೇಲಿನ ಎಲ್ಲೆಯನ್ನು ಗೀಚುವುದು ಬಿಸಿಲು.

ತಾತ: ನಡುವಿನ ಪಟ್ಟಿ ಅದರ ಮನೆ.

ಮೊಮ್ಮಗಳು: ಆ ಪಟ್ಟಿ ಏನಾಯಿತು ಎಂದು ಕ್ರಿಸ್ಟೋಫರ್ ಹಾರ್ಲಿ ಎಂಬುವರು ವ್ಯಾಂಕೂವರ್ ದ್ವೀಪದ ಸುತ್ತಲಿನ ಕಡಲಲ್ಲಿ ನೋಡಿ 2011ರಲ್ಲಿ ಬರೆದರು. ಬಿಸಿಲು ಹೆಚ್ಚಾದಂತೆ ಚಿಪ್ಪುಗಳು ಕೆಳಕ್ಕೆ ಸರಿದವು. ನಕ್ಷತ್ರಮೀನು ಮಾತ್ರ ತನ್ನ ಜಾಗ ಬಿಡಲಿಲ್ಲ. 52 ವರ್ಷಗಳಲ್ಲಿ ಆ ಪಟ್ಟಿಯ ಅಗಲ ಶೇ. 51ರಷ್ಟು ಕುಗ್ಗಿತು. ಕೆಲವು ಕಡೆ ಮರಿ ಮಾಡುವಷ್ಟು ಬೆಳೆದ ಚಿಪ್ಪುಗಳೇ ಇಲ್ಲವಾದವು. ಮುಖ್ಯವಾದ ಮಾತು ಇನ್ನೊಂದಿದೆ. ಚಿಪ್ಪುಗಳೇ ಇಲ್ಲದ ಬಿಸಿ ಜಾಗಗಳಲ್ಲಿ ನಕ್ಷತ್ರಮೀನು ಬಾರದಂತೆ ತಡೆದು ನೋಡಿದರು. ಅಲ್ಲಿ ಚಿಪ್ಪುಗಳು ಮತ್ತೆ ನೆಲೆಯಾದವು! ಅಂದರೆ ಅಲ್ಲಿ ಅವುಗಳನ್ನು ಅಳಿಸಿದ್ದು ಬಿಸಿಲೊಂದೇ ಅಲ್ಲ, ತಿನ್ನುವವನೊಬ್ಬನೇ ಅಲ್ಲ. ಇಬ್ಬರೂ ಎರಡು ಕಡೆಯಿಂದ ಒತ್ತಿದ್ದರು.

ತಾತ: ಇದು ನನಗೆ ಗೊತ್ತಿರುವ ಕಥೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಲ್ಲಿ ಬಂಡೆಯೇ ಕಾದಿರುತ್ತಿತ್ತು. ಬಂಡೆ ಸಿಡಿಯುವ ಅಪಾಯವೂ ಜೊತೆಗಿತ್ತು. ಒಳಗೆ ಇಳಿಯುತ್ತಿದ್ದವರು ಹೇಳುತ್ತಿದ್ದರು: ಬಂಡೆ ಸಿಡಿಯುವ ಮುಂಚೆ ಒಂದೊಂದು ಸಲ ಸದ್ದು ಕೊಡುತ್ತದೆ, ಮೈ ಹಗುರಾಗಿದ್ದವನು ಕೇಳಿಸಿಕೊಂಡು ಹಿಂದೆ ಸರಿಯುತ್ತಾನೆ, ಕಾವಿನಲ್ಲಿ ಬಸವಳಿದವನಿಗೆ ಕಿವಿಯೂ ಮಂದ, ಕಾಲೂ ಮಂದ. ಕಾವು ಒಂದೇ ಆದರೆ ತಡೆಯಬಹುದು, ಸಿಡಿತ ಒಂದೇ ಆದರೆ ತಪ್ಪಿಸಿಕೊಳ್ಳಬಹುದು.

ಮೊಮ್ಮಗಳು: ಚಿಪ್ಪುಗಳಲ್ಲಿ ಆ ಮಂದವನ್ನು ಅಳೆದಿದ್ದಾರೆ ತಾತ. ತೀರದ ಬಂಡೆಗಳ ಮೇಲೆ ಇರುವ ಒಂದು ಸಣ್ಣ ಶಂಖದ ಹುಳು, ನೀರಿನಲ್ಲಿ ಏಡಿಯ ವಾಸನೆ ಹಿಡಿದರೆ ಸಾಕು, ಚಿಪ್ಪನ್ನು ದಪ್ಪ ಮಾಡಿಕೊಳ್ಳುತ್ತದೆ. 2007ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಅದೇ ಹುಳುವನ್ನು ಪಿಎಚ್ ಇಳಿಸಿದ ನೀರಿನಲ್ಲಿ ಇಟ್ಟರು. ಏಡಿಯ ವಾಸನೆ ಬಂದರೂ ಚಿಪ್ಪು ದಪ್ಪವಾಗಲಿಲ್ಲ. 2014ರಲ್ಲಿ ಕ್ಯಾಲಿಫೋರ್ನಿಯಾದ ಸಿಂಪಿಗಳ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಇಂಗಾಲ ಹೆಚ್ಚಿಸಿದ ನೀರಿನಲ್ಲಿ ಬೆಳೆದ ಸಿಂಪಿಗಳು ಚಿಕ್ಕದಾಗಿಯೇ ಉಳಿದವು. ಅಟ್ಲಾಂಟಿಕ್‌ನಿಂದ ಬಂದು ಅಲ್ಲಿ ನೆಲೆಸಿರುವ ಕೊರೆಯುವ ಶಂಖಗಳು ಅವುಗಳನ್ನು ಶೇ. 20ರಷ್ಟು ಹೆಚ್ಚು ತಿಂದವು. ಆಮ್ಲ ಅವುಗಳನ್ನು ಕೊಲ್ಲಲಿಲ್ಲ. ದೊಡ್ಡದಾಗಿ ತಪ್ಪಿಸಿಕೊಳ್ಳುವ ದಾರಿಯನ್ನು ಮುಚ್ಚಿತು, ಅಷ್ಟೇ.

ತಾತ: ಒಂದು ಅನುಮಾನ. ಬಿಸಿ ಏರಿದರೆ ತಿನ್ನುವವನಿಗೂ ತಾನೇ ಕಷ್ಟ? ಅವನೂ ಸಾಯಬೇಕಲ್ಲ?

ಮೊಮ್ಮಗಳು: ಅದಕ್ಕೇ ಈ ವಿಷಯದಲ್ಲಿ ಒಂದೇ ಮಾತಿನ ಉತ್ತರ ಇಲ್ಲ. ಇವೆಲ್ಲ ತಣ್ಣನೆ ರಕ್ತದ ಪ್ರಾಣಿಗಳು. ನೀರು ಬೆಚ್ಚಗಾದರೆ ಒಂದು ಮಟ್ಟದವರೆಗೆ ಹಸಿವು ಹೆಚ್ಚುತ್ತದೆ. ಆರೆಗನ್ ತೀರದಲ್ಲಿ ಕೆಳಗಿನ ತಣ್ಣೀರು ಮೇಲೆ ಬಂದು ಮೂರು ಡಿಗ್ರಿ ಇಳಿದರೆ ಸಾಕು, ನಕ್ಷತ್ರಮೀನು ತಿನ್ನುವುದು ಬಹಳ ಕಡಿಮೆಯಾಗುತ್ತದೆ ಎಂದು 1999ರಲ್ಲೇ ತೋರಿಸಿದ್ದಾರೆ. ಆ ಮಟ್ಟ ದಾಟಿದರೆ ಅದೂ ಸೋಲುತ್ತದೆ. 2013ರಲ್ಲಿ ಆ ತೀರದ ನಕ್ಷತ್ರಮೀನುಗಳಿಗೆ ಮೈ ಕರಗಿಹೋಗುವ ರೋಗ ಬಂದು ಲೆಕ್ಕವಿಲ್ಲದಷ್ಟು ಸತ್ತವು, ಕೆಲವು ಕಡೆ ಚಿಪ್ಪುಗಳು ಕೆಳಕ್ಕೆ ಹಬ್ಬಿದವು. ಆದರೆ 2021ರ ಜೂನ್‌ನಲ್ಲಿ ಅದೇ ಕರಾವಳಿಯ ಮೇಲೆ ಬಿಸಿಗಾಳಿ ಕವಿದಾಗ ಸತ್ತದ್ದು ಚಿಪ್ಪುಗಳೇ. ತೀರದ ಜೀವಿಗಳು ನೂರು ಕೋಟಿಗೂ ಹೆಚ್ಚು ಸತ್ತಿರಬೇಕು ಎಂದು ಹಾರ್ಲಿ ಅಂದಾಜು ಮಾಡಿದರು. ತಿನ್ನುವವನು ನೀರಿನೊಳಗೆ ತಣ್ಣಗೆ ಇರಬಲ್ಲ, ನಡೆದು ಹೋಗಬಲ್ಲ. ಅಂಟಿಕೊಂಡ ಚಿಪ್ಪು ಎಲ್ಲಿಗೆ ಹೋಗಬೇಕು? ಯಾರು ಮೊದಲು ಸೋಲುತ್ತಾರೆ ಎಂಬುದು ಜಾಗ ಜಾಗಕ್ಕೆ ಬೇರೆ. ಬಹಳ ಕಡೆ ಕದಲಲಾಗದವರೇ ಮೊದಲು.

ತಾತ: ಅದೆಲ್ಲ ಚಳಿ ದೇಶದ ಮಾತು. ನಮ್ಮ ಕರಾವಳಿಯದು ಹೇಳು.

ಮೊಮ್ಮಗಳು: ನಮ್ಮಲ್ಲಿ ಎಲ್ಲವನ್ನೂ ಆಳುವುದು ಮಳೆಗಾಲ. ಜೂನ್‌ನಲ್ಲಿ ಘಟ್ಟದ ನೀರು ನುಗ್ಗಿದಾಗ ಅಳಿವೆಯ ಉಪ್ಪು ಇಳಿದುಹೋಗುತ್ತದೆ. ಬೇಸಿಗೆಯಲ್ಲಿ ಉಪ್ಪುನೀರು ಮೇಲಕ್ಕೆ ಏರುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡೇ ಬಳಚಿನ ಬದುಕು ನಡೆಯುತ್ತದೆ. ಮಳೆಯ ನೆರೆ ಬಂದರೆ ಕಡಲಿನ ವೈರಿಗಳು ಹಿಂದೆ ಸರಿಯುತ್ತವೆ. ಮಳೆ ನಿಂತ ಮೇಲೆ ಮರಿಗಳು ನೆಲ ಹಿಡಿಯುತ್ತವೆ. ಈಗ ಆ ಹದ ತಪ್ಪುತ್ತಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಪದರ 1951ರಿಂದ 2015ರ ನಡುವೆ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಅರಬ್ಬಿ ಸಮುದ್ರದಲ್ಲಿ ಬಲವಾದ ಚಂಡಮಾರುತಗಳು ಹೆಚ್ಚುತ್ತಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು.

ತಾತ: ಮೇ ತಿಂಗಳಲ್ಲಿ ಮಳೆ ಬಂದರೆ ಇವಕ್ಕೇನು ನಷ್ಟ? ಸಿಹಿನೀರು ಒಳ್ಳೆಯದು ಅಂದೆಯಲ್ಲ.

ಮೊಮ್ಮಗಳು: ಹದವಾಗಿ ಬಂದರೆ ಒಳ್ಳೆಯದು. ಕಾಸರಗೋಡಿನ ಪಡನ್ನ, ಚೆರುವತ್ತೂರು ಕಡೆ 1990ರ ದಶಕದಿಂದ ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಪಚ್ಚಿಲೆ ಬೆಳೆಸುತ್ತಿದ್ದಾರೆ. ಹೆಂಗಸರ ಸ್ವಸಹಾಯ ಸಂಘಗಳು ಅದರಲ್ಲಿ ಮುಂದೆ ಇವೆ. ಮಳೆಗಾಲದ ಸಿಹಿನೀರು ಪಚ್ಚಿಲೆಗೆ ಆಗುವುದಿಲ್ಲ, ಅದಕ್ಕೇ ಮಳೆಗೆ ಮುಂಚೆ ಕೊಯ್ಲು ಮುಗಿಸಬೇಕು. ಮಳೆ ಮುಂದಾಗಿ ಸುರಿದರೆ ಬೆಳೆದದ್ದೆಲ್ಲ ಹಗ್ಗದಲ್ಲೇ ಸಾಯುತ್ತದೆ. ಹೆದರಿ ಬೇಗ ಕೊಯ್ದರೆ ತೂಕ ಬರುವುದಿಲ್ಲ. ಇತ್ತ ಬೇಸಿಗೆ ಉದ್ದವಾಗಿ ಹೊಳೆಯ ನೀರು ಕಡಿಮೆಯಾದರೆ ಇನ್ನೊಂದು ಬಗೆಯ ಅಪಾಯ. ಉಪ್ಪು ಮೇಲೇರುತ್ತದೆ. ಉಪ್ಪಿನ ಜೊತೆ ಉಪ್ಪು ಬೇಕಾದ ವೈರಿಗಳೂ ಏರುತ್ತವೆ. ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಜಗತ್ತು ಒಂದು ಕಡೆ ಚೆನ್ನಾಗಿ ಕಂಡಿದೆ.

ತಾತ: ಎಲ್ಲಿ?

ಮೊಮ್ಮಗಳು: ಫ್ಲಾರಿಡಾದ ಅಪಲಾಚಿಕೋಲ ಕೊಲ್ಲಿಯಲ್ಲಿ. ಆ ರಾಜ್ಯದ ಸಿಂಪಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅಲ್ಲಿಂದಲೇ ಬರುತ್ತಿತ್ತು. ಅದಕ್ಕೆ ಸಿಹಿನೀರು ತರುವ ಹೊಳೆ ಮೇಲಿನ ಜಾರ್ಜಿಯಾ ರಾಜ್ಯದಿಂದ ಬರುತ್ತದೆ. ಅಲ್ಲಿ ಅಟ್ಲಾಂಟಾ ನಗರ ಆ ನೀರನ್ನು ಕುಡಿಯುತ್ತದೆ, ರೈತರು ಹೊಲಗಳಿಗೆ ಹಾಯಿಸುತ್ತಾರೆ. 2012ರಲ್ಲಿ ಬರ ಬಿತ್ತು. ಹೊಳೆ ಸೊರಗಿತು, ಕೊಲ್ಲಿಯ ಉಪ್ಪು ಏರಿತು, ಕೊರೆಯುವ ಶಂಖಗಳೂ ಏಡಿಗಳೂ ರೋಗಗಳೂ ಸಿಂಪಿಯ ದಿಬ್ಬಗಳಿಗೆ ನುಗ್ಗಿದವು. ಸಿಂಪಿ ಕಸುಬು ನೆಲಕಚ್ಚಿತು. 2020ರ ಡಿಸೆಂಬರ್‌ನಲ್ಲಿ ಐದು ವರ್ಷಗಳವರೆಗೆ ಸಿಂಪಿ ಹಿಡಿಯುವುದನ್ನೇ ನಿಲ್ಲಿಸಿದರು. ಫ್ಲಾರಿಡಾ ರಾಜ್ಯ ಜಾರ್ಜಿಯಾದ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. 2021ರಲ್ಲಿ ಸೋತಿತು.

ತಾತ: ಯಾಕೆ ಸೋತಿತು?

ಮೊಮ್ಮಗಳು: ಜಾರ್ಜಿಯಾ ನೀರು ಬಳಸಿದ್ದರಿಂದಲೇ ಸಿಂಪಿ ಅಳಿಯಿತು ಎಂದು ಸಾಬೀತಾಗಲಿಲ್ಲ. ಬರವೂ ಇತ್ತು. ಅತಿಯಾಗಿ ಹಿಡಿದದ್ದೂ ಇತ್ತು. ಹಿಡಿದ ಮೇಲೆ ಖಾಲಿ ಚಿಪ್ಪನ್ನು ಮತ್ತೆ ಕೊಲ್ಲಿಗೆ ಹಾಕಿದರೆ ಅದರ ಮೇಲೆ ಹೊಸ ಮರಿಗಳು ಅಂಟುತ್ತವೆ. ಅದನ್ನೂ ಸಾಕಷ್ಟು ಮಾಡಿರಲಿಲ್ಲ. ಇಷ್ಟು ಕೈಗಳು ಸೇರಿ ಮಾಡಿದ ಕೆಡುಕಿಗೆ ಒಬ್ಬನನ್ನೇ ಹೊಣೆ ಮಾಡಲು ಆಗುವುದಿಲ್ಲ. ಅದರಿಂದ ಎಲ್ಲರೂ ನುಣುಚಿಕೊಳ್ಳುತ್ತಾರೆ. ನನಗೆ ನೋವಾಗುವುದು ಅಲ್ಲೇ.

ತಾತ: ಮೇಲಿನವರು ನೀರು ಕುಡಿದರೆ ಕೆಳಗಿನವರ ಚಿಪ್ಪು ಸಾಯುತ್ತದೆ... ಈಗ ನೀನು ಎಲ್ಲಿಗೆ ಬರುತ್ತಿದ್ದೀಯ ಅಂತ ಗೊತ್ತಾಯಿತು. ಎತ್ತಿನಹೊಳೆ.

ಮೊಮ್ಮಗಳು: ಹೌದು ತಾತ. ಸಕಲೇಶಪುರದ ಘಟ್ಟದಲ್ಲಿ ಹುಟ್ಟುವ ಎತ್ತಿನಹೊಳೆ ಮತ್ತು ಅಕ್ಕಪಕ್ಕದ ಹಳ್ಳಗಳ 24.01 ಟಿಎಂಸಿ ನೀರನ್ನು ಪೂರ್ವದ ಕಡೆಗೆ ಎತ್ತುವ ಯೋಜನೆ ಅದು. ಕೋಲಾರ, ಚಿಕ್ಕಬಳ್ಳಾಪುರಗಳಿಗೆ ಕುಡಿಯುವ ನೀರು ಕೊಡುವುದೇ ಅದರ ದೊಡ್ಡ ಭರವಸೆ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಕೊಟ್ಟರು. ಆ ಹಳ್ಳಗಳು ತಮ್ಮ ಪಾಡಿಗೆ ಹರಿದರೆ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ, ಮಂಗಳೂರಿನ ಅಳಿವೆಗೆ ಇಳಿಯುತ್ತವೆ. ಅಲ್ಲಿ ಮರುವಾಯಿ ತೆಗೆದು ಬದುಕುವವರಿದ್ದಾರೆ. ನಮಗೂ ಆ ಚಿಪ್ಪಿಗೂ ಇರುವ ಸಂಬಂಧ ಅದು. ಒಂದೇ ನೀರಿಗೆ ನಾವಿಬ್ಬರೂ ಕಾಯುತ್ತಿದ್ದೇವೆ.

ತಾತ: ನೋಡಮ್ಮ, ಇಲ್ಲಿ ನಾನು ಸುಮ್ಮನಿರಲಾರೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಮಕ್ಕಳಿದ್ದಾರೆ, ಮೂಳೆ ಬಾಗಿದವರಿದ್ದಾರೆ. ಬೇತಮಂಗಲದ ಕೆರೆಯಿಂದ ಇಡೀ ಕೆ.ಜಿ.ಎಫ್. ಊರಿಗೆ ನೀರು ಬರುತ್ತಿತ್ತು. ಆ ಕೆರೆ ತುಂಬುವ ಪಾಲಾರ್ ಹೊಳೆ ಬತ್ತಿಹೋದದ್ದನ್ನು ಕಂಡವನು ನಾನು. ಬಾಯಾರಿದ ಮಗುವಿಗಿಂತ ಬಳಚು ದೊಡ್ಡದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಮೊಮ್ಮಗಳು: ನಾನೂ ಒಪ್ಪುವುದಿಲ್ಲ. ನಾನೂ ಇದೇ ನೀರು ಕುಡಿದು ಬೆಳೆದವಳು. ಮಳೆಗಾಲದ ನೀರನ್ನಷ್ಟೇ ಎತ್ತುವುದು ಎಂದು ಯೋಜನೆಯಲ್ಲಿ ಹೇಳಿದ್ದಾರೆ, ಅದರಿಂದ ನೇತ್ರಾವತಿಯ ಚಿಪ್ಪೆಲ್ಲ ನಾಳೆಯೇ ಅಳಿಯುತ್ತದೆ ಎಂದೂ ನಾನು ಹೇಳುತ್ತಿಲ್ಲ. ನನ್ನ ಮಾತು ಬೇರೆ. ಕಡಲಿಗೆ ಹರಿದುಹೋದ ನೀರನ್ನು ನಾವು ‘ವ್ಯರ್ಥ’ ಅಂತ ಬರೆದುಕೊಳ್ಳುತ್ತೇವಲ್ಲ, ಆ ಲೆಕ್ಕ ತಪ್ಪು. ಆ ನೀರು ಅಳಿವೆಯ ಉಪ್ಪನ್ನು ತಡೆದು ನಿಲ್ಲಿಸುತ್ತದೆ, ಮಣ್ಣು ತರುತ್ತದೆ, ಆಹಾರ ತರುತ್ತದೆ, ಕಡಲಿನ ವೈರಿಗಳನ್ನು ಹಿಂದಕ್ಕೆ ತಳ್ಳುತ್ತದೆ. ಅದು ದುಡಿಯುವ ನೀರು. ಎತ್ತುವುದಿದ್ದರೆ ಎಷ್ಟು ಎತ್ತಿದರೆ ಅಳಿವೆಗೆ ತಡೆಯುತ್ತದೆ ಎಂದು ಮೊದಲು ಅಳೆಯಬೇಕು. ಮಳೆ ಕಡಿಮೆಯಾದ ವರ್ಷ ಎತ್ತುವುದನ್ನೂ ಕಡಿಮೆ ಮಾಡಬೇಕು. ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪವೂ ಇದೆ. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ. ದೊಡ್ಡ ಅಣೆಕಟ್ಟು ಕಾಣದೆ ಹರಿಯುವ ಹೊಳೆ ಅದು. ಅಲ್ಲಿ ಬಳಚು ಅಷ್ಟು ಸಮೃದ್ಧವಾಗಿ ಉಳಿದಿರುವುದಕ್ಕೂ ಅದಕ್ಕೂ ಸಂಬಂಧವಿದೆ.

ತಾತ: ಅಳೆಯಬೇಕು ಅನ್ನುವುದು ನ್ಯಾಯವಾದ ಮಾತು. ನಮ್ಮ ಕಡೆಯ ಲೆಕ್ಕವೂ ಸರಿಯಾಗಬೇಕು. ಸಾವಿರಾರು ಕೆರೆ ಕಟ್ಟಿದ ಜಿಲ್ಲೆ ಇದು. ಎಷ್ಟೋ ಕೆರೆಗಳ ಹೂಳು ತೆಗೆದಿಲ್ಲ, ರಾಜಕಾಲುವೆಗಳನ್ನು ಮುಚ್ಚಿದ್ದಾರೆ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರುತ್ತಿದೆ. ಬಿದ್ದ ಮಳೆಯನ್ನು ನಾವು ಹಿಡಿದುಕೊಂಡಷ್ಟೂ ಘಟ್ಟದಿಂದ ಕೇಳುವುದು ಕಡಿಮೆಯಾಗುತ್ತದೆ.

ಮೊಮ್ಮಗಳು: ಆ ಮಾತು ಕೋಲಾರದವರ ಬಾಯಿಂದ ಬಂದರೆ ಅದಕ್ಕೆ ತೂಕ ಹೆಚ್ಚು.

ತಾತ: ಸರಿ, ನೀರಾಯಿತು. ಕಾವು? ಆಮ್ಲ? ಏಡಿ, ಶಂಖ? ಇವನ್ನು ಯಾರು ಹಿಡಿದು ನಿಲ್ಲಿಸುತ್ತಾರೆ?

ಮೊಮ್ಮಗಳು: ಕಾವು, ಆಮ್ಲ ಎರಡಕ್ಕೂ ಬೇರು ಒಂದೇ, ನಾವು ಸುಡುವ ಇಂಧನ. ಅದು ಇಡೀ ಜಗತ್ತಿನ ಕೆಲಸ. ಇಲ್ಲಿ ಬಂಗಾರಪೇಟೆಯಲ್ಲಿ ಸುಟ್ಟ ಡೀಸೆಲ್‌ಗೂ ಅದರಲ್ಲಿ ಪಾಲಿದೆ. ನಾಳೆಯಿಂದಲೇ ಕಡಿಮೆ ಮಾಡುತ್ತ ಬಂದರೂ ಕಡಲು ತಣ್ಣಗಾಗಲು ತಲೆಮಾರುಗಳು ಬೇಕು. ಏಡಿಗೆ, ಶಂಖಕ್ಕೆ ನಾವು ಅಪ್ಪಣೆ ಕೊಡಲಾರೆವು, ಕೊಡಲೂ ಬಾರದು, ಅವೂ ಆ ಅಳಿವೆಯ ಮಕ್ಕಳೇ. ಆದರೆ ಎಲ್ಲರಿಗಿಂತ ದೊಡ್ಡ ಬೇಟೆಗಾರ ಒಬ್ಬನಿದ್ದಾನೆ. ಅವನಿಗೆ ಮಾತ್ರ ಹೇಳಿದರೆ ಅರ್ಥವಾಗುತ್ತದೆ.

ತಾತ: ಮನುಷ್ಯ.

ಮೊಮ್ಮಗಳು: ಅವನಿಗೆ ಯಾವ ಮರೆಯೂ ಅಡ್ಡಿಯಲ್ಲ. ಕೆಸರು ಅಗೆಯುತ್ತಾನೆ, ಮುಳುಗುತ್ತಾನೆ, ಸಿಹಿನೀರಿಗೂ ಬರುತ್ತಾನೆ. ದೊಡ್ಡದಾಗಿ ಬೆಳೆದು ಏಡಿಯಿಂದ ತಪ್ಪಿಸಿಕೊಂಡ ಚಿಪ್ಪೇ ಅವನಿಗೆ ಬೇಕು. ಅಂದರೆ ಉಳಿದ ವೈರಿಗಳಿಂದ ಗೆದ್ದು ಬಂದ, ಮರಿ ಮಾಡಬಲ್ಲ ಚಿಪ್ಪನ್ನೇ ಅವನು ತೆಗೆಯುತ್ತಾನೆ. ಅದಕ್ಕೇ ಕಡಲು ಬಿಸಿಯಾಗುತ್ತಿರುವ ಕಾಲದಲ್ಲಿ ಮನುಷ್ಯ ಹಳೆಯ ಲೆಕ್ಕದಲ್ಲೇ ತೆಗೆಯುತ್ತ ಹೋಗಬಾರದು. ಬೇರೆ ಕಡೆಯಿಂದ ಒತ್ತಡ ಹೆಚ್ಚಿದಷ್ಟೂ ನಮ್ಮ ಕೈ ಹಿಂದೆ ಬರಬೇಕು.

ತಾತ: ಹಾಗಂತ ಒಂದು ದಿನ ಬಂದು ಮುಚ್ಚಿದ್ದೇವೆ ಅಂತ ಬೋರ್ಡು ತಗುಲಿಸಿದರೆ? ನಮ್ಮ ಊರಿಗೆ ಆಗಿದ್ದು ಗೊತ್ತಲ್ಲ. ಮುಚ್ಚಿದ ಮಾರನೆಯ ದಿನ ಒಲೆ ಹೇಗೆ ಉರಿಯುತ್ತದೆ ಎಂದು ಮುಚ್ಚುವವರು ಯೋಚಿಸುವುದಿಲ್ಲ. ದೋಣಿ ಬಲೆ ಇಲ್ಲದ ಹೆಂಗಸರಿಗೆ ತಿಂಗಳುಗಟ್ಟಲೆ ದುಡಿಮೆ ಇಲ್ಲ ಅಂದರೆ ಏನು ಮಾಡಬೇಕು?

ಮೊಮ್ಮಗಳು: ಅದನ್ನು ಬಿಟ್ಟು ಮಾಡಿದ ಕಾನೂನು ನಿಲ್ಲುವುದೂ ಇಲ್ಲ. ಕೊಲ್ಲಂ ಹತ್ತಿರದ ಅಷ್ಟಮುಡಿ ಹಿನ್ನೀರಿನವರ ದಾರಿ ನೋಡಬೇಕು. ಅಲ್ಲಿ ಚಿಪ್ಪು ತೆಗೆಯುವುದು 1991ರಲ್ಲಿ ವರ್ಷಕ್ಕೆ 10,000 ಟನ್ ಮುಟ್ಟಿ, ಎರಡೇ ವರ್ಷದಲ್ಲಿ ಅರ್ಧಕ್ಕೆ ಬಿತ್ತು. ಆಮೇಲೆ ಅಲ್ಲಿ ನಿಯಮ ಬಂತು: ಮರಿ ಮಾಡುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೆಗೆಯುವಂತಿಲ್ಲ, ಬಲೆಯ ಕಣ್ಣು ಸಣ್ಣದಿರಬಾರದು, ತೀರಾ ಚಿಕ್ಕದನ್ನು ಮಾರುವಂತಿಲ್ಲ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಲೆಕ್ಕ ಕೊಟ್ಟರು, ತೆಗೆಯುವವರೇ ಕೂತು ಮಾತಾಡುವ ಸಮಿತಿಯಾಯಿತು. 2014ರ ನವೆಂಬರ್‌ನಲ್ಲಿ ಆ ಕಸುಬಿಗೆ ಎಂಎಸ್‌ಸಿ ಎಂಬ, ಮುಗಿಸದೆ ಉಳಿಸಿಕೊಂಡು ನಡೆಸುವ ಮೀನುಗಾರಿಕೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ಭಾರತದಲ್ಲಿ ಅದು ಸಿಕ್ಕ ಮೊದಲ ಮೀನುಗಾರಿಕೆ ಅದೇ. ನಮ್ಮ ಅಳಿವೆಗಳಲ್ಲೂ ತೆಗೆಯುವವರ ಜೊತೆ ಕೂತು ಋತು ಮತ್ತು ಗಾತ್ರ ನಿಶ್ಚಯಿಸಬೇಕು. ಬಿಡುವಿನ ತಿಂಗಳುಗಳಲ್ಲಿ, ಮೀನುಗಾರಿಕೆ ನಿಷೇಧದ ಕಾಲದಲ್ಲಿ ಕೊಡುವ ಹಾಗೆ, ಅವರಿಗೂ ನೆರವು ಸಿಗಬೇಕು. ಬಯಲಿನ ಒಂದೊಂದು ಭಾಗವನ್ನು ಸರದಿಯ ಮೇಲೆ ಬಿಟ್ಟುಕೊಡಬೇಕು. ಅಲ್ಲಿ ಹುಟ್ಟಿದ ಮರಿಗಳು ಭರತದ ನೀರಿನಲ್ಲಿ ತೇಲಿ ಉಳಿದ ಭಾಗಗಳಿಗೂ ಹೋಗುತ್ತವೆ.

ತಾತ: ಅಂದರೆ ಬಿಸಿಲು ಕಿತ್ತುಕೊಂಡ ಮರೆಯನ್ನು ಮನುಷ್ಯ ಸ್ವಲ್ಪ ಮಟ್ಟಿಗೆ ಹಿಂದಕ್ಕೆ ಕೊಡಬಹುದು.

ಮೊಮ್ಮಗಳು: ಅದಷ್ಟೇ ನಾನು ಹೇಳಬೇಕೆಂದಿದ್ದದ್ದು. ಕಡಲು ಬಿಸಿಯಾಗುವುದನ್ನು ಒಂದು ಊರು ನಿಲ್ಲಿಸಲಾರದು. ಆದರೆ ಚಿಪ್ಪಿಗೆ ಉಸಿರಾಡಲು ಎಷ್ಟು ಜಾಗ ಉಳಿಯಬೇಕು ಎಂಬುದರಲ್ಲಿ ಕುಮಟೆಯದೂ ಪಾಲಿದೆ, ಕೋಲಾರದ್ದೂ ಪಾಲಿದೆ.

ತಾತ: ನಾನು ಒಂದು ಮಾತು ಸೇರಿಸುತ್ತೇನೆ ಕಣಮ್ಮ. ನೂರಿಪ್ಪತ್ತು ವರ್ಷ ನಮ್ಮ ನೆಲದಿಂದ ಚಿನ್ನ ತೆಗೆದರು, ಸುಮಾರು 800 ಟನ್. ತೆಗೆದ ಒಂದು ಗುಂಜಿಯೂ ಮತ್ತೆ ಹುಟ್ಟಲಿಲ್ಲ, ಎಷ್ಟು ಜೋಪಾನ ಮಾಡಿದರೂ ಒಂದು ದಿನ ಅದು ಮುಗಿಯಲೇಬೇಕಿತ್ತು. ಅಘನಾಶಿನಿಯ ಸಂಪತ್ತು ಹಾಗಲ್ಲ. ಬಿಟ್ಟರೆ ಹುಟ್ಟುತ್ತದೆ, ಪ್ರತಿ ವರ್ಷ ಹುಟ್ಟುತ್ತದೆ. ಹುಟ್ಟಿ ಬೆಳೆಯುವ ಸಂಪತ್ತನ್ನು ಗಣಿಯ ಹಾಗೆ ಅಗೆದು ಮುಗಿಸಿದರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ. ಮುಗಿದ ಮೇಲೆ ಊರು ಹೇಗಿರುತ್ತದೆ ಎಂದು ಬೇರೆಯವರಿಗೆ ಪುಸ್ತಕ ಓದಿ ಗೊತ್ತಾಗಬೇಕು, ನಮಗೆ ಬದುಕಿ ಗೊತ್ತು. ಹಾಗಾಗಿ ನಮ್ಮ ನಲ್ಲಿಗೆ ಘಟ್ಟದ ನೀರು ಬರುವ ದಿನ, ಕೆಳಗೆ ಅಳಿವೆಗೆ ಎಷ್ಟು ಬಿಟ್ಟಿದ್ದೀರಿ ಎಂದು ಮೊದಲು ಕೇಳಬೇಕಾದವರು ನಾವೇ.